ಬೊಂಬಿಲ್ ಒಣಗುವ ಜಾಗ

ಕೇಳುಗರಿಗೆ ನಮಸ್ಕಾರ.

ಮುಂಬಯಿ ಏಳು ದ್ವೀಪಗಳಾಗಿದ್ದ ಕಾಲದಿಂದಲೂ ಅಲ್ಲಿ ಮೀನು ಹಿಡಿದು ಬದುಕುತ್ತಿರುವವರು ಕೋಲಿಗಳು. ವರ್ಳಿ, ಮಾಹಿಮ್, ವರ್ಸೋವಾ, ಮಢ್‌ಗಳಲ್ಲಿ ಅವರ ಕೇರಿಗಳು, ಅಂದರೆ ಕೋಲಿವಾಡಗಳು, ಇಂದಿಗೂ ಇವೆ. ಮುಂಬಯಿಗೆ ಹೋದವರು ಒಮ್ಮೆ ಅಲ್ಲಿಗೂ ಹೋಗಿ ಬನ್ನಿ. ಆದರೆ ಹೊರಡುವ ಮುಂಚೆ ಪಂಚಾಂಗ ನೋಡಿ.

ಯಾಕೆಂದರೆ ಇವರ ಮುಖ್ಯ ಬಲೆಯಾದ ಡೋಲ್ ನಡೆಯುವುದೇ ತಿಥಿಯ ಮೇಲೆ. ಅದು ಬೀಸುವ ಬಲೆಯಲ್ಲ, ಎಳೆಯುವ ಬಲೆಯೂ ಅಲ್ಲ. ಉದ್ದನೆಯ ಚೀಲ. ಬಾಯಿ ಅಗಲ, ಬಾಲದ ಕಡೆಗೆ ಹೋದಂತೆ ಚೀಲವೂ ಕಿರಿದು, ಬಲೆಯ ಕಣ್ಣೂ ಸಣ್ಣದು. ಕಡಲ ತಳಕ್ಕೆ ಬಡಿದ ಗೂಟಗಳಿಗೋ ಲಂಗರಿಗೋ ಅದನ್ನು ಕಟ್ಟಿ, ಬಾಯಿಯನ್ನು ಸೆಳೆತಕ್ಕೆ ಎದುರು ಮಾಡಿ ಬಿಡುತ್ತಾರೆ. ಮೀನನ್ನು ನೀರೇ ತಂದು ತುಂಬುತ್ತದೆ. ಉಬ್ಬರ ಇಳಿತಗಳ ನಡುವೆ ನೀರು ನಿಂತ ಸ್ವಲ್ಪ ಹೊತ್ತಿನಲ್ಲೇ ಬಾಲದ ಗಂಟು ಬಿಚ್ಚಿ ಮೀನನ್ನು ದೋಣಿಗೆ ಸುರಿದುಕೊಳ್ಳಬೇಕು. ತಡವಾದರೆ ಸೆಳೆತ ತಿರುಗಿ, ಹಿಡಿದ ಮೀನು ಬಂದ ದಾರಿಯಲ್ಲೇ ಹೊರಟುಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಸೆಳೆತ ಜೋರು, ಮೀನೂ ಜಾಸ್ತಿ. ಅಷ್ಟಮಿಯ ಸುತ್ತ ಸೆಳೆತ ಸಪ್ಪೆ. ಆ ದಿನಗಳು ಬಲೆ ರಿಪೇರಿಗೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ದೋಣಿ ಬರುವ ಗಂಟೆ ಇಷ್ಟೇ ಎಂದು ಹೇಳಲಾಗದು.

ನೀರು ತಂದದ್ದೆಲ್ಲ ತುಂಬುವ ಬಲೆಗೆ ನಗರದ ಪ್ಲಾಸ್ಟಿಕ್ಕೂ ಬರುತ್ತದೆ. ಬಲೆಯ ಕಣ್ಣು ಕಟ್ಟಿಕೊಂಡರೆ ನೀರು ಹಾಯುವುದಿಲ್ಲ. ಭಾರಕ್ಕೆ ಬಲೆ ಹರಿಯುತ್ತದೆ, ಇಲ್ಲವೇ ಹಗ್ಗ ಕಿತ್ತುಬರುತ್ತದೆ. ಮೀನಿನಿಂದ ಕಸ ಆರಿಸುವುದೇ ಈಗ ದೊಡ್ಡ ಕೆಲಸ.

ಡೋಲಿಗೆ ಬೀಳುವ ಮೀನುಗಳಲ್ಲಿ ಹೆಸರಾದದ್ದು ಬೊಂಬಿಲ್. ಅದರ ಮಾಂಸದಲ್ಲಿ ಬಹುಪಾಲು ನೀರೇ, ಹಾಗಾಗಿ ಬಹಳ ಬೇಗ ಕೆಡುತ್ತದೆ. ತಾಜಾ ಮಾರಿ ಉಳಿದದ್ದನ್ನು ಒಣಗಿಸಲೇಬೇಕು. ವರ್ಸೋವಾ, ಮಢ್ ಕಡೆ ಬಿದಿರು ನೆಟ್ಟು ಸಾಲುಸಾಲಾಗಿ ಹಗ್ಗ ಬಿಗಿದಿರುತ್ತಾರೆ. ಎರಡು ಮೀನುಗಳ ದವಡೆಯನ್ನು ಒಂದಕ್ಕೊಂದು ಸಿಕ್ಕಿಸಿ, ಜೋಡಿಯನ್ನು ಹಗ್ಗದ ಆಚೆಗೊಂದು ಈಚೆಗೊಂದು ಬರುವಂತೆ ಇಳಿಬಿಡುತ್ತಾರೆ. ಒಳಬಾಗಿದ ಹಲ್ಲುಗಳೇ ಕೊಕ್ಕೆ. ದಾರ ಬೇಡ, ಉಪ್ಪೂ ಬೇಡ. ಹೆಂಗಸರ ಕೈ ಈ ಕೆಲಸದಲ್ಲಿ ಎಷ್ಟು ಚುರುಕೆಂದರೆ, ನಿಂತು ನೋಡಿದರೂ ಹಲ್ಲು ಯಾವಾಗ ಸಿಕ್ಕಿತೆಂದು ಕಣ್ಣಿಗೆ ಬೀಳುವುದಿಲ್ಲ. ಜೋಡಿಗಳ ನಡುವೆ ಗಾಳಿಯಾಡಬೇಕು. ಬಿಸಿಲು ಚೆನ್ನಾಗಿದ್ದರೆ ಕೆಲವೇ ದಿನಗಳಲ್ಲಿ ಒಣಗುತ್ತದೆ. ನಡುವೆ ಅಕಾಲ ಮಳೆ ಬಂದರೆ ಮೀನು ಕೊಳೆತು ಹುಳು ಬೀಳುತ್ತದೆ, ಗೊಬ್ಬರಕ್ಕಷ್ಟೇ ಲಾಯಕ್ಕು.

ನಗರದ ನಕ್ಷೆ ಬರೆಯುವವರ ಕಣ್ಣಿಗೆ ಈ ಜಾಗ ಖಾಲಿ. ಹಗ್ಗವಿಲ್ಲದ ತಿಂಗಳುಗಳಲ್ಲಂತೂ ಪಾರ್ಕಿಂಗಿಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಒಣಗಿಸುವ ಜಾಗ ಹೋದರೆ, ಮೀನು ಹೆಚ್ಚು ಸಿಕ್ಕ ದಿನವೇ ನಷ್ಟದ ದಿನ. ಕಡಲಿನ ಮೇಲೂ ಇದೇ ಕಥೆ. ವರ್ಳಿಯಲ್ಲಿ ಕರಾವಳಿ ರಸ್ತೆಯ ಸೇತುವೆಗೆ ಕಂಬಗಳ ನಡುವೆ 60 ಮೀಟರ್ ಬಿಡಲು ಯೋಜನೆಯಾಗಿತ್ತು. ಗಾಳಿ, ಅಲೆಗಳು ದೋಣಿಯನ್ನು ಕಂಬಕ್ಕೆ ಅಪ್ಪಳಿಸುತ್ತವೆ ಎಂದು ಮೀನುಗಾರರು ಕೆಲಸ ತಡೆದು ಹೋರಾಡಿದ ಮೇಲೆ ಅದು 120 ಮೀಟರ್ ಆಯಿತು. ಅವರು ಕೇಳಿದ್ದು ಇನ್ನೂ ಹೆಚ್ಚು. ದೋಣಿ ನಡೆಸುವವರ ಲೆಕ್ಕವನ್ನು ಮೊದಲೇ ಕೇಳಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಜೂನ್, ಜುಲೈಯಲ್ಲಿ ನಮ್ಮ ಕರಾವಳಿಯಂತೆ ಅಲ್ಲೂ ಯಾಂತ್ರಿಕ ದೋಣಿಗಳಿಗೆ ನಿಷೇಧ. ನಾರಳಿ ಪೂರ್ಣಿಮೆಗೆ, ಅಂದರೆ ಶ್ರಾವಣದ ಹುಣ್ಣಿಮೆಗೆ, ಕಡಲಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. ಬೊಂಬಿಲ್ ಒಣಗುವುದನ್ನು ನೋಡಲು ಮಳೆ ಪೂರ್ತಿ ನಿಂತ ಮೇಲೆ ಹೋಗಿ. ಹರಡಿದ ಬಲೆ ತುಳಿಯಬೇಡಿ. ಫೋಟೋಗೆ ಮುಂಚೆ ಕೇಳಿ. ವ್ಯಾಪಾರವೆಲ್ಲ ಹೆಂಗಸರದು, ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಮಾತಾಡಿಸಿ. ಒಣ ಬೊಂಬಿಲ್ ಕೊಳ್ಳುವುದಾದರೆ ಬಗ್ಗಿಸಿ ನೋಡಿ: ಪಟ್ಟನೆ ಮುರಿಯಬೇಕು. ಮೆತ್ತಗೆ ಬಾಗಿದರೆ ಒಳಗೆ ಇನ್ನೂ ನೀರಿದೆ, ಊರು ಮುಟ್ಟುವಷ್ಟರಲ್ಲಿ ಬೂಷ್ಟು ಹಿಡಿಯುತ್ತದೆ. ನಮಸ್ಕಾರ.