ಕಾರ್ನಾಕ್‌ನ ಕತ್ತಲಕೋಣೇಲಿ ನಿಂತಿರೋ ಸಿಂಹಿಣಿ

ಈಜಿಪ್ಟಿನ ಹಳೇ ದೇವಸ್ಥಾನಗಳ ಊರು ಕಾರ್ನಾಕ್‌ಗೆ ಬಂದವರೆಲ್ಲ ಮೊದಲು ನುಗ್ಗೋದು ಈ 134 ಕಂಬಗಳ ಮಂಟಪಕ್ಕೆ. ನಾನೂ ನುಗ್ಗಿದೆ, ಕತ್ತು ನೋಯೋವರೆಗೂ ಮೇಲೆ ನೋಡಿದೆ. ಆದ್ರೆ ಇವತ್ತಿನ ವಿಡಿಯೋ ಅದರ ಬಗ್ಗೆ ಅಲ್ಲ. ಇಲ್ಲಿಂದ ಉತ್ತರದ ಕಡೆ ಮಣ್ಣುದಾರೀಲಿ ನಡೆದ್ರೆ ಪ್ತಾಹ್ ದೇವರ ಒಂದು ಪುಟ್ಟ ಗುಡಿ ಸಿಗುತ್ತೆ. ಟೂರ್ ಗುಂಪುಗಳ ಗದ್ದಲ ಇಲ್ಲಿ ಅಷ್ಟಿಲ್ಲ. ಕಾವಲುಗಾರ ಕೈಸನ್ನೆ ಮಾಡಿ ಕರೆದ. ಬಕ್ಷೀಸು ಅನ್ನೋ ಪದ ಇಲ್ಲೂ ಅದೇ, ಅನುವಾದ ಬೇಕಾಗಲಿಲ್ಲ.

ಪಕ್ಕದ ಕೋಣೆ, ಪೂರ್ತಿ ಕತ್ತಲು. ಚಾವಣಿಯ ಒಂದು ಸಣ್ಣ ತೂತಿನಿಂದ ಬೆಳಕು ಬೀಳ್ತಿದೆ. ಅದರ ಕೆಳಗೆ ಕರಿಕಲ್ಲಿನ ಹೆಣ್ಣಿನ ಮೈ, ಸಿಂಹಿಣಿಯ ಮುಖ, ತಲೆ ಮೇಲೆ ಸೂರ್ಯನ ಬಿಲ್ಲೆ. ಸೆಖ್ಮೆಟ್ ದೇವಿ. ಹೆಸರಿನ ಅರ್ಥವೇ ಬಲಶಾಲಿ. ಪ್ತಾಹ್‌ನ ಹೆಂಡತಿ.

ಅವಳ ಕಥೆ ಹಳೇ ಈಜಿಪ್ಟಿನ ರಾಜ ಸೇತಿಯ ಗೋರಿಯ ಗೋಡೆ ಮೇಲಿದೆ, ಇನ್ನೊಬ್ಬ ರಾಜ ತುತಾಂಖಾಮನ್‌ನ ಚಿನ್ನದ ಮಂಟಪದ ಮೇಲೂ ಇದೆ. ಸೂರ್ಯದೇವನ ಹೆಸರು ರಾ, ಅವನಿಗೆ ವಯಸ್ಸಾಯ್ತು. ಮೂಳೆ ಬೆಳ್ಳಿ, ಮಾಂಸ ಚಿನ್ನ. ಮುದುಕ ತಾನೇ ಅಂತ ಮನುಷ್ಯರು ಪಿತೂರಿ ಮಾಡಿದ್ರು. ರಾ ತನ್ನ ಕಣ್ಣನ್ನೇ ದೇವಿಯಾಗಿ ಕಳಿಸಿದ. ಅವಳು ಕೊಲ್ಲೋಕೆ ಶುರು ಮಾಡಿದಳು, ರುಚಿ ಹತ್ತಿಬಿಟ್ಟಿತು. ಈಗ ಕಳಿಸಿದವನಿಗೇ ಗಾಬರಿ! ರಾತ್ರೋರಾತ್ರಿ 7000 ಗಡಿಗೆ ಬಿಯರ್ ಮಾಡಿಸಿ, ಕೆಂಪು ಮಣ್ಣು ಬೆರೆಸಿ, ಹೊಲದ ತುಂಬ ಸುರಿಸಿದ. ಬೆಳಿಗ್ಗೆ ಬಂದವಳು ರಕ್ತ ಅಂದ್ಕೊಂಡು ಹೀರಿದಳು. ಎಷ್ಟು ಅಮಲೇರಿತು ಅಂದ್ರೆ, ಎದುರಿಗಿದ್ದ ಮನುಷ್ಯರ ಗುರುತೇ ಹತ್ತಲಿಲ್ಲ. ನಾವು ಉಳಿದಿದ್ದು ಹಾಗೆ.

ಯುದ್ಧದೇವತೆ ಅಂತ ಓದ್ಕೊಂಡು ಬಂದಿದ್ದೆ ನಾನು. ಸುಳ್ಳಲ್ಲ, ಫೇರೋಗಳು, ಅಂದ್ರೆ ಇಲ್ಲಿನ ರಾಜರು, ಯುದ್ಧಕ್ಕೆ ಹೊರಟಾಗ ಜೊತೆಗಿರ್ತಿದ್ದವಳು ಇವಳೇ. ಆದ್ರೆ ಜನಕ್ಕೆ ಅವಳ ಬಾಣ ಅಂದ್ರೆ ರೋಗ. ಸುಮಾರು ನಾಲ್ಕು ಸಾವಿರ ವರ್ಷ ಹಳೆಯ ಈಜಿಪ್ಟಿನ ಕಥೆ, ಸಿನುಹೆಯ ಕಥೇಲಿ ಒಂದು ಮಾತು ಬರುತ್ತೆ: ಪರದೇಶಗಳಿಗೆ ರಾಜನ ಭಯ ಹೇಗಿತ್ತಪ್ಪ ಅಂದ್ರೆ, ಪಿಡುಗಿನ ವರ್ಷದಲ್ಲಿ ಸೆಖ್ಮೆಟ್‌ನ ಭಯ ಇದ್ದ ಹಾಗೆ. ಕತ್ತಿಗಿಂತ ಜ್ವರಕ್ಕೇ ಜಾಸ್ತಿ ಹೆದರಿದವರ ಮಾತು ಅನ್ಸುತ್ತೆ ನನಗೆ. ರೋಗ ಕೊಡೋಳನ್ನೇ ಒಲಿಸ್ಕೋಬೇಕಲ್ಲ, ಅದಕ್ಕೇ ಅವಳ ಪೂಜಾರಿಗಳು ವೈದ್ಯಾನೂ ಮಾಡ್ತಿದ್ರು.

ವರ್ಷದ ಕೊನೆಯ ಐದು ದಿನ ರೋಗ ತರೋ ಅವಳ ದೂತರು ಓಡಾಡೋ ಕಾಲ. ಮಂತ್ರ ಹೇಳಿ, ಗಂಟು ಹಾಕಿದ ನಾರುಬಟ್ಟೆ ಕೊರಳಿಗೆ ಕಟ್ಕೊಳ್ತಿದ್ರಂತೆ. ಫೇರೋ ಮೂರನೇ ಅಮೆನ್‌ಹೋಟೆಪ್‌ಗೆ ಅದೂ ಸಾಲದಾಯ್ತೇನೋ! ಕ್ರಿ.ಪೂ. 14ನೇ ಶತಮಾನದಲ್ಲಿ ನೂರಾರು ಸೆಖ್ಮೆಟ್ ವಿಗ್ರಹ ಕಡೆಸಿದ. ವರ್ಷದ ಒಂದೊಂದು ದಿನಕ್ಕೂ ಎರಡರ ಲೆಕ್ಕದಲ್ಲಿ 730 ಇದ್ದಿರಬಹುದು ಅಂತ ಕೆಲವು ವಿದ್ವಾಂಸರು ಹೇಳ್ತಾರೆ. ಇಟಲಿಯ ಟ್ಯೂರಿನ್ ಮ್ಯೂಸಿಯಂ ಒಂದರಲ್ಲೇ 21 ಇವೆ.

ಅಲ್ಲೆಲ್ಲ ಅವಳು ಲೈಟು ಹಾಕಿದ ಹಾಲ್‌ನಲ್ಲಿ ಇರ್ತಾಳೆ. ಇಲ್ಲಿ, ಕಾವಲುಗಾರ ಬಾಗಿಲು ಎಳೆದುಕೊಂಡ. ಮುಂದಿನ ಅರ್ಧ ನಿಮಿಷ ಸ್ಕ್ರೀನ್ ಕಪ್ಪಗಿರುತ್ತೆ. ನಿಮ್ಮ ಫೋನ್ ಕೆಟ್ಟಿಲ್ಲ, ನನ್ನ ಕ್ಯಾಮೆರಾಗೆ ಫೋಕಸ್ ಸಿಗಲಿಲ್ಲ ಅಷ್ಟೇ. ಕಟ್ ಮಾಡೋಕೆ ಮನಸ್ಸು ಬರಲಿಲ್ಲ.