ನಾಳೆ ಓಟ, ಇವತ್ತು ನಿದ್ದೆ ಇಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದಿನ ಮಾತು. ಜಿಲ್ಲಾ ಮಟ್ಟದ ಕ್ರೀಡಾಕೂಟಕ್ಕೆ ತೀರ್ಥಹಳ್ಳಿ ಕಡೆಯ ಹುಡುಗಿಯರನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಬಂದಿದ್ದೆ. ರಾತ್ರಿ ಒಂದು ಶಾಲೆಯ ಹಾಲ್‌ನಲ್ಲಿ ಜಮಖಾನ ಹಾಸಿ ಮಲಗಿದ್ದೆವು. ತಗಡಿನ ಮೇಲೆ ಮಳೆ ಜಡಿಯುತ್ತಿತ್ತು. ಖೋ-ಖೋ ಆಡುವ ಹುಡುಗಿ ತಲೆ ಇಟ್ಟ ಐದೇ ನಿಮಿಷಕ್ಕೆ ಗೊರಕೆ ಶುರು ಮಾಡಿದಳು. ಅವಳ ಪಕ್ಕದಲ್ಲೇ 800 ಮೀಟರ್ ಓಡುವವಳು. ಹನ್ನೆರಡಾದರೂ ಕಣ್ಣು ಬಿಟ್ಟುಕೊಂಡೇ ಇದ್ದಳು. ಎದ್ದು ನೀರು ಕುಡಿದಳು. ಬ್ಯಾಗ್ ಜಿಪ್ ತೆಗೆದು ಚೆಸ್ಟ್ ನಂಬರ್ ಇದೆಯಾ ನೋಡಿದಳು. ಹತ್ತು ನಿಮಿಷ ಬಿಟ್ಟು ಮತ್ತೆ ಜಿಪ್ಪಿನ ಸದ್ದು.

ನಾನು ಗದರಿಬಿಟ್ಟೆ. "ಸುಮ್ನೆ ಮಲಗು, ನಾಳೆ ಓಡಬೇಕು" ಅಂದೆ. ಅದೊಂದು ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ನಾಳೆ ಓಡಬೇಕು ಅನ್ನೋದೇ ಅಲ್ವಾ ಅವಳ ನಿದ್ದೆ ಕೆಡಿಸಿದ್ದು!

ಇಬ್ಬರದೂ ಒಂದೇ ಊಟ, ಒಂದೇ ಹಾಲ್, ಒಂದೇ ಮಳೆ. ಬೇರೆ ಇದ್ದದ್ದು ಸ್ವಭಾವ. ಮನಶ್ಶಾಸ್ತ್ರ ಬಲ್ಲವರು ವ್ಯಕ್ತಿತ್ವವನ್ನು ಐದು ಮುಖ್ಯ ಗುಣಗಳಲ್ಲಿ ಅಳೆಯುತ್ತಾರೆ. ನಿದ್ದೆಯ ವಿಷಯಕ್ಕೆ ಬಂದರೆ ಅದರಲ್ಲಿ ಎರಡು ಎದ್ದು ಕಾಣುತ್ತವೆ. ಬೇಗ ಕಳವಳಪಡುವ ಗುಣ ಜಾಸ್ತಿ ಇದ್ದವರಿಗೆ ಅದೇ ಸ್ಪರ್ಧೆ ಹೆಚ್ಚು ಭಾರವಾಗಿ ಕಾಣುತ್ತದೆ, ನಿದ್ದೆಯೂ ಹಗುರ. ಅಚ್ಚುಕಟ್ಟಿನ ಗುಣ ಇದ್ದವರು ಹೊತ್ತಿಗೆ ಸರಿಯಾಗಿ ಮಲಗುತ್ತಾರೆ, ಸಾಮಾನ್ಯವಾಗಿ ಚೆನ್ನಾಗಿಯೇ ಮಲಗುತ್ತಾರೆ. ಇದು ಹಣೆಬರಹ ಅಲ್ಲ, ಒಲವು ಅಷ್ಟೇ. ಆದರೆ ಮನಸ್ಸು ಗಾಬರಿಯಾದಾಗ ಎದೆ ಬಡಿತ ಏರುತ್ತದೆ, ಮೈ ಎಚ್ಚರದಲ್ಲೇ ನಿಲ್ಲುತ್ತದೆ. ನಿದ್ದೆ ಕೆಟ್ಟರೆ ಮರುದಿನ ಸಣ್ಣ ಮಾತೂ ದೊಡ್ಡದಾಗಿ ನಾಟುತ್ತದೆ. ಹೀಗೆ ಒಂದು ಇನ್ನೊಂದನ್ನು ಎಳೆಯುತ್ತಾ ಹೋಗುತ್ತದೆ.

13ರಿಂದ 18 ವರ್ಷದ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ನಮ್ಮ ಮಲೆನಾಡಿನಲ್ಲಿ ಲೆಕ್ಕ ಹಾಕಿ ನೋಡಿ. ತೋಟದ ಮನೆಯಿಂದ ನಡೆದು ಬಂದು ಬೆಳಗಿನ ಬಸ್ಸು ಹಿಡಿಯಬೇಕು ಅಂದರೆ ಐದಕ್ಕೇ ಏಳಬೇಕು. ಹಾಗಾದರೆ ಒಂಬತ್ತಕ್ಕೆ ಮಲಗಬೇಕು. ಈ ವಯಸ್ಸಿನಲ್ಲಿ ನಿದ್ದೆ ಬರಿಸುವ ಮೆಲಟೋನಿನ್ ಅನ್ನೋ ಹಾರ್ಮೋನ್ ಮೈಯಲ್ಲಿ ರಾತ್ರಿ ತಡವಾಗಿಯೇ ಏರುತ್ತದೆ. ಒಂಬತ್ತಕ್ಕೆ ನಿದ್ದೆ ಬರದಿದ್ದರೆ ಅದು ಸೋಮಾರಿತನ ಅಲ್ಲ, ಹಟವೂ ಅಲ್ಲ. ಅದರ ಮೇಲೆ ಮೊಬೈಲ್ ಬೇರೆ. ಅಮೆರಿಕದಲ್ಲಿ ಶಾಲಾ ಕ್ರೀಡಾಪಟುಗಳ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 8 ಗಂಟೆಗಿಂತ ಕಡಿಮೆ ಮಲಗುವವರಿಗೆ ಪೆಟ್ಟಾಗುವ ಸಾಧ್ಯತೆ 1.7 ಪಟ್ಟು ಹೆಚ್ಚಿತ್ತು. ಪ್ರಾಕ್ಟೀಸ್ ಹೆಚ್ಚಿಸಿ ನಿದ್ದೆ ಕತ್ತರಿಸುವ ಕೋಚ್‌ಗಳು ಇದನ್ನು ಕೇಳಿಸಿಕೊಳ್ಳಲಿ ಅಂತ ನನ್ನ ಆಸೆ.

ಈಗ ನಾನು ಎಲ್ಲರಿಗೂ ಒಂದೇ ಮದ್ದು ಕೊಡುವುದಿಲ್ಲ. ಗೊರಕೆಯವಳಿಗೆ ಏನೂ ಬೇಡ, ಎಬ್ಬಿಸಿದರೆ ಸಾಕು. ಕಳವಳದ ಮಕ್ಕಳಿಗೆ ಮಾತ್ರ ಮಲಗುವ ಮೊದಲು ಒಂದು ಚೀಟಿ, ಒಂದು ಪೆನ್ನು. ನಾಳೆ ಮಾಡಬೇಕಾದ್ದನ್ನೆಲ್ಲ ಬಿಡಿಬಿಡಿಯಾಗಿ ಬರಿ ಅನ್ನುತ್ತೇನೆ. 2018ರಲ್ಲಿ ಬಂದ ಒಂದು ಸಣ್ಣ ಪ್ರಯೋಗದಲ್ಲಿ ಹೀಗೆ ಐದು ನಿಮಿಷ ಬರೆದವರಿಗೆ, ಮುಗಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆ ಹತ್ತಿತ್ತು. ಒಂಬತ್ತು ನಿಮಿಷ ಏನು ಮಹಾ ಅನ್ನಬೇಡಿ. ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದವರಿಗೆ ಅದು ದೊಡ್ಡದು.

ಇನ್ನೊಂದು ಮಾತನ್ನೂ ಹೇಳುತ್ತೇನೆ: ಒಂದು ರಾತ್ರಿ ನಿದ್ದೆ ಕೆಟ್ಟರೆ ಓಟ ಕೆಟ್ಟೇ ಕೆಡುತ್ತದೆ ಅಂತಿಲ್ಲ. ಹಿಂದಿನ ವಾರಗಳ ನಿದ್ದೆಯೂ ಲೆಕ್ಕಕ್ಕೆ ಬರುತ್ತದೆ. ಇದನ್ನು ಕೇಳಿದರೇ ಕೆಲವರಿಗೆ ಕಣ್ಣು ಕೂರುತ್ತದೆ. ಆದರೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಮಂಕಾಗಿದ್ದಾರೆ ಅಂದರೆ ದಯವಿಟ್ಟು ವೈದ್ಯರಿಗೆ ತೋರಿಸಿ.

ಮರುವರ್ಷ ಅದೇ 800 ಮೀಟರ್ ಓಡುವ ಹುಡುಗಿ ಮತ್ತೆ ಬಂದಳು. ಬೆಳಿಗ್ಗೆ ಜಮಖಾನ ಮಡಚುವಾಗ ದಿಂಬಿನಡಿ ಅವಳ ಚೀಟಿ ಸಿಕ್ಕಿತು. ಶೂ ಲೇಸ್, ಚೆಸ್ಟ್ ನಂಬರ್, ಎರಡು ಪಿನ್ನು, ಬಾಳೆಹಣ್ಣು. ಕೊನೆಯ ಸಾಲಿನಲ್ಲಿ, "ಟೀಚರ್‌ಗೆ ಹೇಳೋದು, ಭಯ ಆಗ್ತಿದೆ ಅಂತ."

ಚೀಟಿ ಮಡಚಿಟ್ಟುಕೊಂಡು ಹೊರಗೆ ಹೋದೆ. ಅವಳು ನಲ್ಲಿ ಹತ್ತಿರ ಮುಖ ತೊಳೆಯುತ್ತಿದ್ದಳು. ಪಕ್ಕದಲ್ಲಿ ನಿಂತುಕೊಂಡು, "ಹೇಳು" ಅಂದೆ.