ಆರೆನ್‌ಬರ್ಗ್ ಕಲ್ಲು, 28ರ ಟಯರು

ಈ ದಾರಿಗೆ ಹಾಸಿರುವ ಕಲ್ಲುಗಳನ್ನು ಮೊದಲು ಸರಿಯಾಗಿ ನೋಡಿಬಿಡಿ. ಭಾವ ಕ್ಯಾಮೆರಾವನ್ನು ನೆಲದ ಮೇಲೇ ಇಟ್ಟಿದ್ದಾರೆ. ಒಂದೊಂದು ಕಲ್ಲಿನ ತಲೆಯೂ ಸವೆದು ಗುಂಡಗಾಗಿದೆ. ನಡುವಿನ ಸಂದಿಯಲ್ಲಿ ನನ್ನ ಎರಡು ಬೆರಳು ಆರಾಮಾಗಿ ಇಳಿಯುತ್ತವೆ, ನೋಡಿ. ಒಂದು ಕಲ್ಲು ಎದ್ದಿದೆ, ಪಕ್ಕದ್ದು ಕುಸಿದಿದೆ, ಅದರ ಪಕ್ಕದ್ದರ ಅಂಚು ಒಡೆದು ಚೂಪಾಗಿದೆ. ಅಂಚು ನೆನಪಿಟ್ಟುಕೊಳ್ಳಿ, ಆಮೇಲೆ ಅದರ ಕಥೆ ಹೇಳುತ್ತೇನೆ.

ಇದು ಉತ್ತರ ಫ್ರಾನ್ಸಿನ ಆರೆನ್‌ಬರ್ಗ್ ಕಾಡು. ಪ್ಯಾರಿಸ್-ರೂಬೆ ಸೈಕಲ್ ರೇಸಿನಲ್ಲಿ ಸವಾರರು ತುಂಬಾ ಹೆದರುವ ಜಾಗ. ಉದ್ದ ಸುಮಾರು 2.3 ಕಿಲೋಮೀಟರ್. ನೇರ ದಾರಿ, ಒಂದು ತಿರುವೂ ಇಲ್ಲ. 2023ರವರೆಗೂ ರೇಸ್ ದಿನ ಇಲ್ಲಿಗೆ ಗಂಟೆಗೆ 60 ಕಿಲೋಮೀಟರಿನ ಹತ್ತಿರದ ವೇಗದಲ್ಲಿ ಗುಂಪುಗುಂಪಾಗಿ ನುಗ್ಗುತ್ತಿದ್ದರು. ಇಲ್ಲಿ ನಿಂತು ನೋಡಿದರೆ ಆ ವೇಗ ಊಹಿಸುವುದಕ್ಕೂ ಆಗುವುದಿಲ್ಲ. ಯೋಹಾನ್ ಮ್ಯೂಸೆವ್ 1998ರಲ್ಲಿ ಇಲ್ಲೇ ಬಿದ್ದು ಮಂಡಿಚಿಪ್ಪು ಪುಡಿ ಮಾಡಿಕೊಂಡರು. ಗಾಯ ಕೊಳೆತು ಕಾಲೇ ಹೋಗುವ ಹಾಗಿತ್ತು. 2000ದಲ್ಲಿ ಬಂದು ಇದೇ ರೇಸ್ ಗೆದ್ದರು. ಎಂಥ ಮನುಷ್ಯ ಅಲ್ವಾ!

ಮರಗಳ ಆಚೆ ಕಬ್ಬಿಣದ ಎತ್ತರದ ಗೋಪುರಗಳು ಕಾಣುತ್ತಿವೆಯಲ್ಲ, ಅದು ಹಳೆಯ ಕಲ್ಲಿದ್ದಲು ಗಣಿ. 1989ರಲ್ಲಿ ಮುಚ್ಚಿತು. ಜಾಂ ಸ್ಟಾಬ್ಲಿನ್ಸ್ಕಿ ಅಂತ ಒಬ್ಬ ಸವಾರರಿದ್ದರು, ಹುಡುಗರಾಗಿದ್ದಾಗ ಈ ಗಣಿಯಲ್ಲಿ ಕೆಲಸ ಮಾಡಿದವರು, ಆಮೇಲೆ ವಿಶ್ವ ಚಾಂಪಿಯನ್ ಆದವರು. ಈ ದಾರಿಯನ್ನು ರೇಸಿಗೆ ತೋರಿಸಿಕೊಟ್ಟವರು ಅವರೇ. 1968ರಲ್ಲಿ ಮೊದಲ ಸಲ ರೇಸು ಇದರ ಮೇಲೆ ಹೋಯಿತು. ತಾನು ಕೆಳಗೆ ದುಡಿದ ನೆಲದ ಮೇಲೆಯೇ ಸೈಕಲ್ ತುಳಿದರು. ಇದನ್ನು ಓದಿದ ದಿನದಿಂದ ನನಗೆ ಇಲ್ಲಿಗೆ ಬರಬೇಕು ಅಂತಿತ್ತು.

ಹಾಂ, ಹುಲ್ಲು. ಕಾಡಿನ ನೆರಳಿಗೆ ಕಲ್ಲಿನ ಸಂದಿಯಲ್ಲೆಲ್ಲ ಹುಲ್ಲು, ಪಾಚಿ ಬೆಳೆಯುತ್ತದೆ. ಮಳೆ ಬಂದರೆ ಜಾರುತ್ತದೆ. 2024ರಲ್ಲಿ ರೇಸಿಗೆ ಮೊದಲು ಅದನ್ನು ತೆಗೆಯಲು ಆಡುಗಳನ್ನು ಬಿಟ್ಟಿದ್ದರು. ಆಡು ಮುಟ್ಟದ ಸೊಪ್ಪಿಲ್ಲ ಅನ್ನುವುದು ಇವರಿಗೂ ಗೊತ್ತು. ಇವತ್ತು ಒಂದೂ ಇಲ್ಲ, ಭಾವನಿಗೆ ಬೇಜಾರು.

ಸರಿ, ಈಗ ಸವಾರಿ. ವಿಡಿಯೋ ಅಲುಗಾಡುತ್ತದೆ, ಎಷ್ಟು ಸರಿಮಾಡಿದರೂ ಇಷ್ಟೇ ಆಗಿದ್ದು. ಹಿಟ್ಟಿನ ಗಿರಣಿಗೆ ಕೈ ಒತ್ತಿ ಹಿಡಿದ ಹಾಗಿತ್ತು. ಹ್ಯಾಂಡಲ್ ಬಿಗಿ ಹಿಡಿದಷ್ಟೂ ಪೆಟ್ಟು ಭುಜಕ್ಕೆ ಏರುತ್ತದೆ. ಸಡಿಲ ಬಿಟ್ಟರೆ ಚಕ್ರ ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ. ಭಾರದ ಗೇರ್ ಹಾಕಬೇಕು, ಸೀಟಿನ ಮೇಲೆ ಸ್ವಲ್ಪ ಹಿಂದಕ್ಕೆ ಕೂರಬೇಕು, ಕಣ್ಣು ದೂರ ಇಡಬೇಕು. ನಿಧಾನ ಮಾಡಿದರೆ ಪ್ರತಿ ಗುಂಡಿಗೂ ಚಕ್ರ ಇಳಿಯುತ್ತದೆ. ವೇಗ ಇದ್ದರೆ ಕಲ್ಲಿನ ತಲೆಯಿಂದ ತಲೆಗೆ ದಾಟುತ್ತದೆ. ಆ ವೇಗ ಉಳಿಸಿಕೊಳ್ಳುವುದಕ್ಕೆ ಎಂಥ ಕಾಲು ಬೇಕು, ನೀವೇ ಯೋಚಿಸಿ.

ಅಲ್ಲಿ ಹಾರಿದ್ದು ನನ್ನ ನೀರಿನ ಬಾಟಲಿ. ವೃತ್ತಿಪರರು ಬಾಟಲಿ ಸ್ಟ್ಯಾಂಡಿನ ಒಳಗೆ ಒರಟು ಟೇಪ್ ಅಂಟಿಸುವುದು ಇದಕ್ಕೇ.

ವಿಜಯಪುರ, ಬಾಗಲಕೋಟೆ ಕಡೆ ರೇಸ್ ಓಡಿಸುವ ಹುಡುಗರು ಯಾವಾಗಲೂ ಕೇಳುತ್ತಾರೆ, ಅಕ್ಕಾ, ಅವರು ಯಾವ ಸಾಮಾನು ಹಾಕುತ್ತಾರೆ ಅಂತ. ಆರೆನ್‌ಬರ್ಗ್ ಅರ್ಧ ದಾಟುವಾಗ ನನ್ನ ಉತ್ತರ ಹೀಗಿತ್ತು: ಸಾಮಾನು ಯಾವುದಾದರೂ ಇರಲಿ, ರೇಸು ಇರುವುದು ಕೈಯಲ್ಲಿ. ಹೆಂಗಸರ ಮೊದಲ ಪ್ಯಾರಿಸ್-ರೂಬೆ ನಡೆದಿದ್ದು 2021ರ ಅಕ್ಟೋಬರ್‌ನಲ್ಲಿ. ಮಳೆ, ಕೆಸರು. ಲಿಜ್ಜಿ ಡೀಗ್ನನ್ 80 ಕಿಲೋಮೀಟರಿಗೂ ಜಾಸ್ತಿ ಒಬ್ಬರೇ ಮುಂದೆ ಓಡಿಸಿ ಗೆದ್ದರು. ಕೈಗವಸು ಹಾಕಿರಲಿಲ್ಲ. ಕೊನೆಯಲ್ಲಿ ಹ್ಯಾಂಡಲಿನ ಬಿಳಿ ಟೇಪಿನ ಮೇಲೆ ಅವರ ಕೈಯ ರಕ್ತ. ಆ ಫೋಟೋ ನೋಡಿದರೆ ಈಗಲೂ ನನಗೆ ಗಂಟಲು ಕಟ್ಟುತ್ತದೆ.

ಇಲ್ಲಿಂದ ರೆಕಾರ್ಡಿಂಗ್ ನಿಂತಿತು. ಯಾಕೆ ಅಂದರೆ, ಪಂಕ್ಚರ್.

ಇದನ್ನು ಪೂರ್ತಿ ಹೇಳಲೇಬೇಕು. ಬಾಡಿಗೆ ಸೈಕಲ್ ಬುಕ್ ಮಾಡುವಾಗ 32 ಮಿಲಿಮೀಟರ್ ಟಯರ್ ಬೇಕು ಅಂತ ಬರೆದಿದ್ದೆ. ಆಗಲಿ ಅಂತ ಅಂಗಡಿಯಿಂದ ಉತ್ತರವೂ ಬಂದಿತ್ತು. ಅಂಗಡಿ ಹೆಸರು ಬೇಡ. ಬೆಳಿಗ್ಗೆ ಬ್ರಸೆಲ್ಸ್‌ನಿಂದ ಬಂದು ನಿಂತರೆ 28ರ ಟಯರಿನ ಸೈಕಲ್ ತಂದುಕೊಟ್ಟರು. 32ರದ್ದು ಎಲ್ಲ ಹೊರಗೆ ಹೋಗಿವೆಯಂತೆ. ಮೇಲ್ ತೋರಿಸಿದೆ. ಏನೂ ಆಗಲ್ಲ, ಗಾಳಿ ಕಮ್ಮಿ ಮಾಡಿಕೊಡುತ್ತೇವೆ, ಮೆತ್ತಗಾಗುತ್ತದೆ ಅಂದರು. ಅಲ್ಲೇ ಎಡವಟ್ಟು. ಅಗಲದ ಟಯರಿನಲ್ಲಿ ಗಾಳಿ ಕಮ್ಮಿ ಇದ್ದರೆ ನಡೆಯುತ್ತದೆ, ರಿಮ್‌ಗೂ ಕಲ್ಲಿಗೂ ನಡುವೆ ಜಾಗ ಇರುತ್ತದೆ. ಸಪೂರ ಟಯರಿನಲ್ಲಿ ಗಾಳಿ ಇಳಿಸಿದರೆ ರಿಮ್ ಸೀದಾ ಕಲ್ಲಿಗೆ ಬಡಿಯುತ್ತದೆ, ಒಳಗಿನ ಟ್ಯೂಬು ನಡುವೆ ಸಿಕ್ಕಿ ಚಚ್ಚಿಹೋಗುತ್ತದೆ. ಸೈಕಲ್ ಬಾಡಿಗೆ ಕೊಡುವವರಿಗೆ ಇದು ಗೊತ್ತಿರಬೇಕಲ್ವಾ?

ಆ ಒಡೆದ ಅಂಚಿಗೆ ಹಿಂದಿನ ಚಕ್ರ ಬಡಿಯಿತು. ಠಣ್ ಅಂತ ಸದ್ದು, ಗಾಳಿ ಪೂರ್ತಿ ಹೋಯಿತು. ಟ್ಯೂಬು ಬಿಚ್ಚಿದರೆ ಅಕ್ಕಪಕ್ಕ ಎರಡು ತೂತು, ಹಾವು ಕಚ್ಚಿದ ಗುರುತು ಅನ್ನುತ್ತಾರಲ್ಲ, ಅದೇ. ಸೀಟಿನ ಕೆಳಗಿನ ಚೀಲದಲ್ಲಿ ಒಂದು ಹೊಸ ಟ್ಯೂಬು ಕೊಟ್ಟಿದ್ದರು. ಹಾಕಿದೆ. ಪಂಪು ಹಿಡಿದರೆ ಕೂರುತ್ತಲೇ ಇಲ್ಲ! ರಿಮ್ ಆಳದ್ದು, ಟ್ಯೂಬಿನ ವಾಲ್ವು ಗಿಡ್ಡ. ಉಗುರಿನಷ್ಟು ಹೊರಗೆ ಇಣುಕುತ್ತಿತ್ತು, ಪಂಪಿನ ಬಾಯಿಗೆ ಹಿಡಿತವೇ ಸಿಗಲಿಲ್ಲ. ಭಾವ ಹೊರಗಿನಿಂದ ಟಯರು ಒತ್ತಿ ಹಿಡಿದರು, ನಾನು ಪಂಪು ಒತ್ತಿದೆ. ಪುಸ್ ಅಂತ ಎಲ್ಲ ಹೊರಗೆ. ಕಾಡಿನ ಮಧ್ಯೆ, ಹೊಸ ಟ್ಯೂಬು ಕೈಯಲ್ಲಿದ್ದೂ ನಿಂತುಕೊಂಡೆವು.

ಕೊನೆಗೆ ನಮ್ಮನ್ನು ಉಳಿಸಿದವರು ಈ ಊರಿನ ಒಬ್ಬ ಅಜ್ಜ. ಸೈಕಲ್ ಮೇಲೆ ಬರುತ್ತಿದ್ದವರು ತಾವಾಗಿಯೇ ನಿಂತರು. ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು, ತಲೆ ಅಲ್ಲಾಡಿಸಿದರು. ಜೇಬಿನಿಂದ ಉದ್ದ ವಾಲ್ವಿನ ಟ್ಯೂಬು ತೆಗೆದು ತಾವೇ ಹಾಕಿಕೊಟ್ಟರು. ದುಡ್ಡು ಕೊಡಹೋದರೆ ಮುಟ್ಟಲೇ ಇಲ್ಲ. ಅವರನ್ನು ವಿಡಿಯೋದಲ್ಲಿ ತೋರಿಸುತ್ತಿಲ್ಲ, ಕೇಳಿದಾಗ ಬೇಡ ಅಂದರು.

ಇಷ್ಟಕ್ಕೇ ಮುಗಿಯಲಿಲ್ಲ. ಸಂಜೆ ಸೈಕಲ್ ವಾಪಸ್ ಕೊಟ್ಟಾಗ ರಿಮ್ ಡೆಂಟ್ ಆಗಿದೆ ಅಂತ ಮುಂಗಡದಲ್ಲಿ 60 ಯೂರೋ ಹಿಡಿದುಕೊಂಡರು. ಬಾಡಿಗೆಯೇ 75 ಯೂರೋ, ನಮ್ಮ ದುಡ್ಡಿನಲ್ಲಿ ಏಳು ಸಾವಿರದ ಮೇಲೆ. ಕೇಳಿದ ಟಯರು ಕೊಟ್ಟಿದ್ದರೆ ರಿಮ್ ಬಗ್ಗುತ್ತಲೇ ಇರಲಿಲ್ಲ. ಅದೇ ಮೇಲ್ ಮತ್ತೆ ತೋರಿಸಿದೆ. ಕೌಂಟರಿನವರು ನಗುತ್ತಲೇ ರಸೀದಿ ಕೊಟ್ಟರು. ನೀವು ಇಲ್ಲಿಗೆ ಬರುವುದಾದರೆ ಟಯರಿನ ಬದಿಯಲ್ಲಿ ಬರೆದಿರುವ ಅಳತೆ ಓದಿ, ಚೀಲದ ಟ್ಯೂಬನ್ನು ರಿಮ್‌ಗೆ ಹಿಡಿದು ನೋಡಿ, ಚಕ್ರದ ಫೋಟೋ ತೆಗೆದುಕೊಳ್ಳಿ, ಆಮೇಲೆ ಸಹಿ ಹಾಕಿ.

ಅದಕ್ಕೇ ಈಗ ಹೇಳುತ್ತಿದ್ದೇನೆ, ಕೈಯಲ್ಲಿ ಇದೆ ಅಂದಿದ್ದನ್ನು ಪಕ್ಕಕ್ಕಿಡಿ. ಈ ರೇಸಿನಲ್ಲಿ ಟಯರೇ ದೊಡ್ಡದು. ಸುಮಾರು 260 ಕಿಲೋಮೀಟರಿನ ದಾರಿ. ಕಲ್ಲು ಇರುವುದು 55 ಕಿಲೋಮೀಟರ್, ಮಿಕ್ಕ ಇನ್ನೂರು ನುಣುಪು ಡಾಂಬರು. ಕಲ್ಲಿಗೆ ಗಾಳಿ ಕಮ್ಮಿ ಬೇಕು, ಡಾಂಬರಿಗೆ ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದು. ಒಂದೇ ಟಯರಿನಲ್ಲಿ ಎರಡೂ ಆಗಬೇಕು. ಮೊದಲೆಲ್ಲ ರಿಮ್ ಹಿಡಿಯುವ ಬ್ರೇಕಿನ ಸಂದಿಯಲ್ಲಿ ಅಗಲದ ಟಯರು ತೂರುತ್ತಲೇ ಇರಲಿಲ್ಲ. ಡಿಸ್ಕ್ ಬ್ರೇಕ್ ಬಂದ ಮೇಲೆ ಜಾಗ ಸಿಕ್ಕಿತು. ಈಗ 32 ಸಾಮಾನ್ಯ, ಅದಕ್ಕಿಂತ ದಪ್ಪದ್ದು ಹಾಕುವವರೂ ಇದ್ದಾರೆ. ಒಳಗೆ ಟ್ಯೂಬೇ ಇಲ್ಲ, ಚಿಕ್ಕ ತೂತು ಬಿದ್ದರೆ ಒಳಗಿನ ದ್ರವವೇ ಮುಚ್ಚಿಬಿಡುತ್ತದೆ. ಟ್ಯೂಬೇ ಇಲ್ಲದ ಮೇಲೆ ಹಾವು ಕಚ್ಚುವುದೂ ಕಮ್ಮಿ.

90ರ ದಶಕದಲ್ಲಿ ಇದೇ ಕಷ್ಟಕ್ಕೆ ಮುಂದಿನ ಚಕ್ರ ಹಿಡಿಯುವ ಫೋರ್ಕಿಗೆ ಪೆಟ್ಟು ನುಂಗುವ ಸಸ್ಪೆನ್ಷನ್ ಹಾಕಿದ್ದರು. ಗಿಲ್ಬರ್ ದ್ಯುಕ್ಲೋ-ಲಸಾಲ್ 1992, 1993ರಲ್ಲಿ ಅದರ ಮೇಲೇ ಗೆದ್ದರು. 1994ರಲ್ಲಿ ಮ್ಯೂಸೆವ್ ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇದ್ದ ಸೈಕಲ್ ತಂದರು, ಅದು ರೇಸಿನ ನಡುವೆ ಕೈಕೊಟ್ಟಿತು. ಆಮೇಲೆ ಆ ಫೋರ್ಕುಗಳ ಕಾಲ ಮುಗಿಯಿತು. ಈಗ ಆ ಕೆಲಸ ಟಯರೇ ಮಾಡುತ್ತದೆ, ಭಾರವೂ ಕಮ್ಮಿ.

ಇನ್ನೊಂದು ಸಾಮಾನಿದೆ, ಚಕ್ರದ ನಡುವಿನ ಹಬ್ ಒಳಗೇ ಪುಟ್ಟ ಪಂಪು. ಹ್ಯಾಂಡಲಿನ ಗುಂಡಿ ಒತ್ತಿದರೆ ಓಡಿಸುತ್ತಲೇ ಗಾಳಿ ಏರುತ್ತದೆ, ಇಳಿಯುತ್ತದೆ. ಮೊದಲು ಕೇಳಿದಾಗ ನನಗೆ ಸಿಟ್ಟು ಬಂದಿತ್ತು. ಗಾಳಿ ಎಷ್ಟಿರಬೇಕು ಅಂತ ಬೆಳಿಗ್ಗೆ ತೀರ್ಮಾನ ಮಾಡಿ ಅದರ ಮೇಲೆ ನಿಲ್ಲುವುದೇ ಈ ರೇಸಿನ ಮಜಾ, ಇದು ಅದನ್ನೇ ಕಿತ್ತುಕೊಳ್ಳುತ್ತದೆ ಅಂತ. 2025ರಲ್ಲಿ ಪೋಲಿನ್ ಫೆರಾಂ-ಪ್ರೆವೋ ಅಂಥ ಚಕ್ರದ ಮೇಲೆ ಗೆದ್ದರು. ಇವತ್ತು ಕಾಡಿನಲ್ಲಿ ಪಂಪು ಹಿಡಿದು ಕೂತ ಮೇಲೆ ನನ್ನ ಸಿಟ್ಟೆಲ್ಲ ಇಳಿದಿದೆ. ಅಗತ್ಯಕ್ಕೆ ಹುಟ್ಟಿದ ಸಾಮಾನು ಅದು. ಇರಲಿ ಬಿಡಿ.

ಇದು ಕಾರ್‌ಫೂರ್ ದ ಲಾರ್ಬ್ರ್, ಮುಗಿಯುವುದಕ್ಕೆ ಸ್ವಲ್ಪ ಮೊದಲು ಬರುವ ಕಲ್ಲುಹಾಸು. ಎರಡೂ ಕಡೆ ಹೊಲ, ಒಂದು ಮರದ ಮರೆಯೂ ಇಲ್ಲ, ಗಾಳಿ ಅಡ್ಡ ಹೊಡೆಯುತ್ತದೆ. ಮೈಕಿನಲ್ಲಿ ಬರುತ್ತಿರುವ ಸದ್ದೆಲ್ಲ ಅದೇ. 2023ರಲ್ಲಿ ವೌಟ್ ವಾನ್ ಆರ್ಟ್ ಇಲ್ಲೇ ಪಂಕ್ಚರ್ ಆಗಿ ರೇಸ್ ಕಳೆದುಕೊಂಡರು. ಜೊತೆಗಿದ್ದ ಮತ್ಯೂ ವಾನ್ ಡೆರ್ ಪುಲ್ ಒಬ್ಬರೇ ಹೋಗಿ ಗೆದ್ದರು. ಮರುವರ್ಷ 60 ಕಿಲೋಮೀಟರ್ ಒಬ್ಬರೇ ಓಡಿಸಿ ಮೂರು ನಿಮಿಷದ ಅಂತರದಲ್ಲಿ ಮತ್ತೆ ಗೆದ್ದರು. ಗಂಟೆಗೆ ಸರಾಸರಿ 47.8 ಕಿಲೋಮೀಟರ್, ಈ ಕಲ್ಲಿನ ಮೇಲೂ ಸೇರಿ!

2025 ಅಂತೂ ಬೇರೆಯೇ ಮಜಾ. ತಾದೇಯ್ ಪೊಗಾಚಾರ್ ಮೊದಲ ಸಲ ಬಂದಿದ್ದರು. ಬೆಟ್ಟ ಹತ್ತುವ ಹಗುರ ಮೈಯವರು ಇಲ್ಲಿ ಎಗರಿಬೀಳುತ್ತಾರೆ ಅಂತ ಎಲ್ಲರೂ ಹೇಳುತ್ತಿದ್ದರು. ವಾನ್ ಡೆರ್ ಪುಲ್‌ಗೆ ಸರಿಸಮ ನಿಂತರು. ಇನ್ನು 38 ಕಿಲೋಮೀಟರ್ ಇರುವಾಗ ಒಂದು ತಿರುವಿಗೆ ವೇಗ ಜಾಸ್ತಿಯಾಗಿ ಬೇಲಿಗೆ ಬಡಿದು ಬಿದ್ದರು. ಮುಂದೆ ಹೋದ ವಾನ್ ಡೆರ್ ಪುಲ್‌ಗೂ ಕೊನೆಯ 20 ಕಿಲೋಮೀಟರಿನೊಳಗೆ ಪಂಕ್ಚರ್! ಸೈಕಲ್ ಬದಲಿಸಿಕೊಂಡು ಹೊರಟರು. ಆದರೂ ಒಂದು ನಿಮಿಷಕ್ಕಿಂತ ಜಾಸ್ತಿ ಅಂತರದಲ್ಲಿ ಗೆದ್ದರು. ಸತತ ಮೂರನೇ ಗೆಲುವು. ಟಯರೇ ದೊಡ್ಡದು ಅಂದೆನಲ್ಲ, ಇದಕ್ಕೆ ಏನನ್ನುವುದು? ಪಂಕ್ಚರ್ ಆದರೂ ತಡೆದುಕೊಳ್ಳುವಷ್ಟು ಅಂತರ ಮೊದಲೇ ಕಾಲಿನಿಂದ ಗಳಿಸಿಟ್ಟಿದ್ದರು. ಹಾಗಾದರೆ ಕಾಲೇ ದೊಡ್ಡದು. ಭಾವ ಕಾರಿನಲ್ಲಿ ದಾರಿಯುದ್ದ ಇದೇ ವಾದ ಮಾಡಿದರು. ನಾನು ಇನ್ನೂ ಪೂರ್ತಿ ಒಪ್ಪಿಲ್ಲ. ವಾನ್ ಆರ್ಟ್‌ಗೂ ಕಾಲು ಇತ್ತಲ್ಲ!

ಇದು ರೂಬೆಯ ವೆಲೊಡ್ರೋಮ್, ಅಂದರೆ ಸೈಕಲ್ ಓಡಿಸುವ ಟ್ರ್ಯಾಕು, ರೇಸು ಮುಗಿಯುವ ಜಾಗ. ಇಷ್ಟೆಲ್ಲ ಕಲ್ಲು ದಾಟಿ ಬಂದವರಿಗೆ ಕೊನೆಗೆ ಈ ನುಣುಪು ಸಿಮೆಂಟು. ಒಂದೂವರೆ ಸುತ್ತು, ಅಷ್ಟೇ. ಗೆದ್ದವರಿಗೆ ಕೊಡುವ ಟ್ರೋಫಿಯೂ ಒಂದು ಕಲ್ಲೇ. ಪಕ್ಕದ ಹಳೆಯ ಸ್ನಾನದ ಮನೆಯಲ್ಲಿ ಒಂದೊಂದು ಗೂಡಿಗೂ ಗೆದ್ದವರ ಹೆಸರಿನ ಹಿತ್ತಾಳೆ ಫಲಕ ಇದೆ. ನೋಡಬೇಕು ಅಂತ ತುಂಬಾ ಆಸೆ ಇತ್ತು, ಬಾಗಿಲು ಹಾಕಿದ್ದರು.

ಬ್ಯಾಟರಿ ಕೆಂಪಾಗಿದೆ, ಬೇಗ ಹೇಳಿಬಿಡುತ್ತೇನೆ. ಮುಂದಿನ ವಿಡಿಯೋ ಮೋಂಸ್-ಆಂ-ಪೆವೆಲ್ ಕಲ್ಲುಹಾಸಿನದು, ಮೂರು ಕಿಲೋಮೀಟರ್. ನನ್ನದೇ ಸೈಕಲ್ ತರುತ್ತೇನೆ, 32ರ ಟಯರು ಹಾಕಿಸಿ. ಎಷ್ಟು ಗಾಳಿ ಇಟ್ಟು ನೋಡಬೇಕು ಅಂತ ಕೆಳಗೆ ಬರೆಯಿರಿ, ನಿಮ್ಮ ತೂಕವನ್ನೂ ಸೇರಿಸಿ ಬರೆಯಿರಿ. ತೂಕ ಗೊತ್ತಿಲ್ಲದೆ ಗಾಳಿ ಎಷ್ಟು ಅಂತ ಹೇಳುವುದಕ್ಕೆ ಆಗುವುದಿಲ್ಲ.